ಉಸಿರುಕಿಂಡಿ

ಜೂನ್ ೪

ಮೊಳೆ,

ಕಡ್ಡಿಯಂತಿದ್ದೀಯ ಅಂತ ಈ ಹೆಸರಿಟ್ಟವಳು ನಾನೇ. ಇಪ್ಪತ್ತೆಂಟು ತುಂಬಿದರೂ ಬಿಡುವುದಿಲ್ಲ. ಫೋನ್ ಮಾಡಿದರೆ ಮೂರು ಸಲ "ಹ್ಞೂಂ", ಒಂದು ಸಲ "ಸರಿ", ಆಮೇಲೆ "ಶಿಫ್ಟ್ ಶುರುವಾಯ್ತು ಅಮ್ಮ, ಇಡ್ತೀನಿ". ಕಾಗದಕ್ಕೆ ಹ್ಞೂಂ ಅನ್ನಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಗಿನಿಂದ ನಾಲ್ಕು ಸಲ ಕೂತು ನಾಲ್ಕು ಸಲ ಎದ್ದೆ. ಅರಗಳನ್ನು ಜೋಡಿಸಿದೆ, ಮತ್ತೆ ಕೆಡವಿದೆ. "ಅಕ್ಕಾ, ಕಾಲಿಗೇನು ಚಕ್ರ ಕಟ್ಕೊಂಡಿದ್ದೀಯಾ? ನೋಡಿ ನೋಡಿ ನಂಗೇ ತಲೆ ತಿರುಗ್ತಿದೆ" ಅಂತ ನಿನ್ನ ಮಾವ ರೇಗಿದ. ಅವನಿಗೇನು, ಅಂಗಡಿಯ ಮುಂಭಾಗದಲ್ಲಿ ಕೂತು ಗಿರಾಕಿಗಳ ಜೊತೆ ಹರಟುವವನು.

ವಿಷಯಕ್ಕೆ ಬರುತ್ತೇನೆ. ಮಕ್ಕಳ ಲೈಬ್ರರಿಯವರು ಒಂದು ಕೆಲಸ ಕೊಟ್ಟಿದ್ದಾರೆ. ಇಪ್ಪತ್ತು ಮುಖದ ತಾಮ್ರದ ಗೋಳ, ಒಳಗೆ ಪೊಳ್ಳು. ಪ್ರತಿ ಮುಖವೂ ಮುಮ್ಮೂಲೆ, ಒಂದೊಂದು ಬದಿ ಒಂದು ಗೇಣು. ಮೆಟ್ಟಿಲಿನ ಮೇಲೆ ತೂಗುಹಾಕುತ್ತಾರಂತೆ. ಸೆಪ್ಟೆಂಬರ್ ಇಪ್ಪತ್ತಕ್ಕೆ ಕೊಡಬೇಕು. ಬಂದಾಕೆ ಒಳ್ಳೆಯವಳೇ, ಆದರೆ ಹೋಗುವಾಗ ಒಂದು ಮಾತು ಹೇಳಿದಳು: "ಎಲ್ಲೂ ತೂತುಗೀತು ಕಾಣಬಾರದು, ನೋಡಿ." ನಾನು ಹೇಳಿದೆ, "ತಾಯೀ, ಮುಚ್ಚಿದ ತಗಡಿನ ಒಳಗೆ ಗಾಳಿ ಇರುತ್ತೆ, ಬೆಂಕಿ ತೋರಿಸಿದ್ರೆ ಹಿಗ್ಗುತ್ತೆ. ಅದು ಹೊರಗೆ ಹೋಗೋಕೆ ಒಂದು ಉಸಿರುಕಿಂಡಿ ಬಿಡಲೇಬೇಕು. ಬಿಡದಿದ್ರೆ ಸಿಡಿಯುತ್ತೆ." ಅವಳು ನನ್ನ ಬಲಗಣ್ಣು ಇದ್ದ ಜಾಗ ನೋಡಿ ತಲೆ ತಗ್ಗಿಸಿದಳು. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಇನ್ನೊಂದು ತೊಂದರೆ. ಒಂದೇ ಕಣ್ಣಿಗೆ ಆಳ ಗೊತ್ತಾಗುವುದಿಲ್ಲ ಕಣೆ. ಮಡಿಸಬೇಕಾದ ಕಡೆ ಗೀರು ಹಾಕುವಾಗ ತಗಡಿನ ದಪ್ಪದಲ್ಲಿ ಮೂರರಲ್ಲಿ ಎರಡು ಪಾಲು ಇಳಿಯಬೇಕು. ಕಡಿಮೆಯಾದರೆ ಅಂಚು ಬೊಜ್ಜಾಗಿ ಮಡಿಚಿಕೊಳ್ಳುತ್ತದೆ, ಹೆಚ್ಚಾದರೆ ತುಂಡಾಗಿ ಕೈಗೆ ಬರುತ್ತದೆ. ಸಣ್ಣ ಕೆಲಸದಲ್ಲಿ ಇಷ್ಟು ದಿನ ಹೇಗೋ ತಳ್ಳಿದೆ. ಈ ವಾರ ಆರು ತಗಡು ಹಾಳು ಮಾಡಿದೆ. ನಿನ್ನ ಮಾವನ ಎದುರು "ತಗಡೇ ಸರಿಯಿಲ್ಲ" ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಬಾ. ಹದಿನೈದು ದಿನ ಸಾಕು. ಗೀರು ಹಾಕಿಕೊಟ್ಟು ಹೋಗು. ಬೆಂಕಿಯ ಹತ್ತಿರ ನಿನ್ನನ್ನು ಕರೆಯುವುದಿಲ್ಲ.

ನಿನ್ನ ಅಮ್ಮ


ಜೂನ್ ೧೯

ಅಮ್ಮಾ,

ಕಾಗದ ಸಿಕ್ಕಿತು. ಹದಿನೈದು ದಿನ ರಜೆ ಸಿಗುವುದಿಲ್ಲ.

ಇಲ್ಲಿ ನಾವು ದೊಡ್ಡ ಕಟ್ಟಡಗಳಿಗೆ ಗಾಳಿ ಹೋಗುವ ಕೊಳವೆಗಳನ್ನು ಮಾಡುತ್ತೇವೆ. ತಗಡು ಮಡಿಸುವುದು ಯಂತ್ರ, ಜೋಡಿಸುವುದು ರಿವೆಟ್ಟು. ಬೆಸುಗೆಯಿಲ್ಲ, ಉರಿಯಿಲ್ಲ. ಈ ಕೆಲಸಕ್ಕೆ ನಾನು ಸೇರಿದ್ದೇ ಅದಕ್ಕೆ, ನಿನಗೂ ಗೊತ್ತು. ಈಗ ನನ್ನನ್ನು ನಕ್ಷೆಯ ಮೇಜಿಗೆ ಹಾಕುತ್ತೇವೆ ಅಂದಿದ್ದಾರೆ. ಒಪ್ಪಿದರೆ ಮೂರು ವರ್ಷದ ಕರಾರಿಗೆ ಸಹಿ ಹಾಕಬೇಕು, ನಡುವೆ ಬಿಡುವಂತಿಲ್ಲ. ಆಗಸ್ಟ್ ಹತ್ತರೊಳಗೆ ಹೇಳಬೇಕು. ಹಾಕಿದರೆ ಅಂಗಡಿಗೆ ನಾನು ವಾಪಸ್ ಬರುವುದು ಸದ್ಯಕ್ಕಂತೂ ಇಲ್ಲ. ಇದನ್ನು ನಿನಗೆ ಮೊದಲೇ ತಿಳಿಸಬೇಕು ಅನ್ನಿಸಿತು.

ಗೀರಿನ ಆಳಕ್ಕೆ ಕಣ್ಣು ಬೇಡ. ತಗಡಿನ ಹಿಂಬದಿಗೆ ಹೆಬ್ಬೆರಳು ಇಟ್ಟುಕೊಂಡು ಗೀರು. ಆಳ ಸಾಕಾದಾಗ ಹಿಂದೆ ಕೂದಲೆಳೆಯಷ್ಟು ಗೆರೆ ಏಳುತ್ತದೆ. ಇದನ್ನು ನನಗೆ ಹೇಳಿಕೊಟ್ಟವಳು ನೀನೇ, ನನಗೆ ಹನ್ನೊಂದು ವರ್ಷವಾಗಿದ್ದಾಗ. ಕಣ್ಣು ಮುಚ್ಚಿಸಿ ಹೇಳಿಕೊಟ್ಟಿದ್ದೆ.

ನೀನು ಬೆಂಕಿಯ ಹತ್ತಿರ ಕರೆಯುವುದಿಲ್ಲ ಎಂದು ಬರೆದಿದ್ದೀಯ. ಅಂಗಡಿಯೊಳಗೆ ಬೆಂಕಿಯಿಂದ ದೂರದ ಜಾಗ ಯಾವುದಿದೆ ಅಮ್ಮ? ಇಲ್ಲಿ ನಾನು ಕಡ್ಡಿಪೆಟ್ಟಿಗೆಯನ್ನೇ ಇಟ್ಟುಕೊಂಡಿಲ್ಲ. ಅಡುಗೆ ಕರೆಂಟ್ ಒಲೆಯಲ್ಲಿ. ಕರೆಂಟು ಹೋದ ದಿನ ಹಸಿ ಸೌತೆಕಾಯಿ ತಿಂದು ಮಲಗುತ್ತೇನೆ. ಕಿಂಡಿ ಕೊರೆಯುವುದು ನನ್ನ ಕೆಲಸವಾಗಿತ್ತು. ಕೊರೆಯಲಿಲ್ಲ. ನಿನ್ನ ಕಣ್ಣು ಹೋಯಿತು. ಇದರಲ್ಲಿ ಮಾತಾಡುವುದೇನೂ ಇಲ್ಲ.

ಮಾವನಿಗೆ ಕೇಳಿದೆನೆಂದು ಹೇಳು.

ಇಂತಿ,
ನಿನ್ನ ಮಗಳು


ಜೂನ್ ೨೪

ಮೊಳೆ,

ಹೆಬ್ಬೆರಳು ಇಟ್ಟು ನೋಡಿದೆ. ಬಂತು! ಒಂದು ಸಾಲಿಗೆ ಐದು ಮುಮ್ಮೂಲೆ, ನಾಲ್ಕು ಗೀರು, ಒಂದೂ ತುಂಡಾಗಲಿಲ್ಲ. ಕಲಿಸಿದವಳಿಗೇ ಕಲಿಸಿದೆಯಲ್ಲ, ಕಳ್ಳಿ. ಸಂತೋಷಕ್ಕೆ ಪಕ್ಕದಂಗಡಿಯ ಬೀಗದವನನ್ನು ಕರೆದು ತೋರಿಸಿದೆ. "ಏನಮ್ಮಾ ಇದು, ಮಡಚೋ ಬೀಸಣಿಗೆನಾ?" ಅಂದ. ಅವನಿಗೆ ಬೀಗ ಬಿಟ್ಟು ಬೇರೆ ಏನು ತಾನೇ ಗೊತ್ತು!

ಆ ಐದನ್ನೂ ಮಡಿಸಿ, ಕೊನೆಯ ಅಂಚಿಗೆ ಮೊದಲ ಅಂಚು ಕೂಡಿಸಿ, ಕಟ್ಟುತಂತಿ ಸುತ್ತಿ, ಬಿಳಿಗಾರ ಸವರಿ ಬೆಸುಗೆ ಹರಿಸಿದೆ. ಗೀರಿನ ಒಳಗೆ ಬೆಸುಗೆ ತಾನಾಗಿ ಓಡುವುದನ್ನು ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ. ನಿನಗೂ ಆಗುತ್ತಿತ್ತು. ನೀನು "ಓಡ್ತು, ಓಡ್ತು" ಅಂತ ಕೂಗುತ್ತಿದ್ದೆ. ಈಗ ಐದು ಮುಖದ ಟೋಪಿ ತಯಾರಾಗಿದೆ. ಕೆಳಗೆ ಇನ್ನೊಂದು ಟೋಪಿ, ನಡುವೆ ಹತ್ತರ ಪಟ್ಟಿ. ಒಟ್ಟು ಇಪ್ಪತ್ತು.

ಕರಾರಿನ ವಿಷಯ. ಯಂತ್ರ ಮಡಿಸಿದ್ದನ್ನು ಮೂರು ವರ್ಷ ಕಾಗದದ ಮೇಲೆ ಬರೆಯುತ್ತ ಕೂರುತ್ತೀಯಾ? ಆ ಕೈಯನ್ನು ಇಟ್ಟುಕೊಂಡು? ನನಗೆ ಹೊಟ್ಟೆ ಉರಿಯುತ್ತದೆ. ಸಹಿ ಹಾಕಬೇಡ ಅನ್ನುವ ಹಕ್ಕು ನನಗಿಲ್ಲ. ಆದರೂ ಅನ್ನುತ್ತೇನೆ, ಹಾಕಬೇಡ.

ಮತ್ತೆ, ನೀನು ಬರೆದ ಆ ಸಾಲು. ನಂದೇ ತಪ್ಪು ಅಂತ ಆಸ್ಪತ್ರೆಯಲ್ಲೇ ಹೇಳಿದ್ದೆನಲ್ಲ. ನಿನ್ನ ಮಾವ "ಕಿಂಡಿ ಕೊರೀಬೇಕಾಗಿದ್ದೋರು ಯಾರು?" ಅಂತ ಕೇಳಿದ. ನೀನು "ನಾನು" ಅಂದೆ. ನಾನು ಹಾಸಿಗೆಯಿಂದ "ಬಿಡ್ರೋ, ನಂದೇ ತಪ್ಪು" ಅಂದೆ. ಎಲ್ಲರೂ ಕೇಳಿಸಿಕೊಂಡರು. ನೀನೊಬ್ಬಳು ಕೇಳಲಿಲ್ಲ.

ನಿನ್ನೆ ನಿನ್ನ ಮಾವ ಲೈಬ್ರರಿಯವಳಿಗೆ ಆ ಕಥೆಯನ್ನೇ ಹೇಳುತ್ತಿದ್ದ. "ಮಗಳ ತಪ್ಪನ್ನ ತನ್ ತಲೆ ಮೇಲೆ ಹಾಕ್ಕೊಂಡ್ಲು ನಮ್ಮಕ್ಕ. ಅಂಥ ತಾಯಿ ಸಿಗಲ್ಲ." ಕೈಯಲ್ಲಿದ್ದ ಇಕ್ಕಳವನ್ನು ನೆಲಕ್ಕೆ ಬಡಿದು ಒಳಗೆ ಹೋದೆ. ವಿನಯ ಅಂದುಕೊಂಡರು.

ಊಟ ಸರಿಯಾಗಿ ಮಾಡು. ಸೌತೆಕಾಯಿ ಊಟವಲ್ಲ.

ನಿನ್ನ ಅಮ್ಮ


ಜುಲೈ ೧೮

ಅಮ್ಮಾ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ.

ನೀನು "ನಂದೇ ತಪ್ಪು" ಅಂದಾಗಲೆಲ್ಲ ನಾನು ಇನ್ನಷ್ಟು ಕುಗ್ಗಿಹೋಗುತ್ತೇನೆ. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು. ಎರಡು ಏಟು ಹಾಕಿದ್ದರೂ ತಿಂದು ಅಂಗಡಿಯಲ್ಲೇ ಉಳಿದಿರುತ್ತಿದ್ದೆ. ನಿನ್ನ ಒಳ್ಳೆಯತನದ ಎದುರು ನಿಲ್ಲಲಾಗದೆ ಹೊರಟುಬಂದೆ, ಬೇರೆ ಏನೂ ಅಲ್ಲ.

ಒಂದು ಮಾತು ಇದುವರೆಗೆ ಕೇಳಿಲ್ಲ, ಈಗ ಕೇಳುತ್ತೇನೆ. ಅವತ್ತು ಮಾವ ನಿನ್ನನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದ. ನಾನು ಅಂಗಡಿಯಲ್ಲೇ ಉಳಿದು ನೆಲದ ಮೇಲೆ ತೆವಳಿದೆ. ಹೋಟೆಲಿನವರಿಗೆ ಮಾಡುತ್ತಿದ್ದ ಹನ್ನೆರಡು ಮುಖದ ತಾಮ್ರದ ಗೋಳ ಬಾಯಿಬಿಟ್ಟುಕೊಂಡು ಬಿದ್ದಿತ್ತು. ಹನ್ನೊಂದು ಮುಖ ಒಂದೊಂದಾಗಿ ತಡವಿದೆ. ಯಾವುದರಲ್ಲೂ ಕಿಂಡಿಯಿರಲಿಲ್ಲ. ಹನ್ನೆರಡನೆಯದು, ಹಾರಿಹೋದದ್ದು, ಸಿಗಲಿಲ್ಲ. ಎರಡು ಗಂಟೆ ಹುಡುಕಿದೆ. ಕಿಂಡಿ ಕೊರೆದ ನೆನಪು ನನಗಿಲ್ಲ. ಆ ವಾರ ನಾವಿಬ್ಬರೂ ಜಗಳವಾಡಿಕೊಂಡಿದ್ದೆವು, ಸಿಟ್ಟಿನಲ್ಲಿ ಏನೇನು ಮಾಡಿದೆನೋ. ಕೊರೆಯದ ನೆನಪೂ ಇಲ್ಲ.

ಆ ಮುಖ ನಿನಗೆ ಆಮೇಲೆ ಸಿಕ್ಕಿತಾ? ಸಿಕ್ಕಿದ್ದರೆ ಹೇಳು. ಸಹಿ ಹಾಕುವ ಮೊದಲು ತಿಳಿದುಕೊಳ್ಳಬೇಕು. ಹತ್ತನೇ ತಾರೀಕು, ಮರೆಯಬೇಡ.

ಇಂತಿ,
ನಿನ್ನ ಮಗಳು


ಜುಲೈ ೩೦

ಮೊಳೆ,

ಕಾಗದ ಬಂತು. ಇಲ್ಲಿ ಎಲ್ಲ ಕ್ಷೇಮ. ನಮ್ಮ ಬೀದಿಯ ಮೋರಿ ಕಟ್ಟಿಕೊಂಡು ನಾಲ್ಕು ದಿನದಿಂದ ಗಬ್ಬು ನಾರುತ್ತಿದೆ. ಬೀಗದವನು ತನ್ನ ಉದ್ದನೆಯ ಸಲಾಕೆ ತಂದು ತಿವಿದ. ಮೋರಿ ಬಿಡಲಿಲ್ಲ, ಸಲಾಕೆ ಒಳಗೇ ಉಳಿಯಿತು. ನಿನ್ನ ಮಾವನಿಗೆ ನೆಗಡಿ. ಎರಡನೆಯ ಟೋಪಿಯೂ ಮುಗಿಯಿತು. ನಡುಪಟ್ಟಿಯಲ್ಲಿ ಒಂದು ಮುಖ ಬಿಟ್ಟು ಉಳಿದ ಒಂಬತ್ತೂ ಕೂತಿವೆ.

ನೀನು ಕೇಳಿದ್ದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಈಗ ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು.

ಅಮ್ಮ


ಆಗಸ್ಟ್ ೭

ಮಗಳೇ,

ಸಿಕ್ಕಿತ್ತು.

ಇದರ ಜೊತೆಗಿರುವ ಗಂಟನ್ನು ಬಿಚ್ಚು. ಐದು ಮೂಲೆಯ ತಾಮ್ರದ ತಗಡು, ಒಂದು ಮೂಲೆ ಸೊಟ್ಟಗಾಗಿದೆ. ಹೊರಮೈ ನೋಡಿದರೆ ಕಿಂಡಿ ಇಲ್ಲ, ಕನ್ನಡಿಯ ಹಾಗಿದೆ. ಈಗ ತಿರುಗಿಸಿ ಒಳಮೈ ನೋಡು. ನಡುವೆ ಕಡಲೆಬೀಜದ ಮೂತಿಯಷ್ಟು ಗೂಟ ಚಾಚಿಕೊಂಡಿದೆ. ಅದರ ಪಕ್ಕದಲ್ಲೇ ಮೂರು ಸಣ್ಣ ಗೀಟು, ಕಾಗೆಯ ಕಾಲಿನ ಹಾಗೆ. ಅದು ಯಾರ ಗುರುತು?

ಕಿಂಡಿ ಕೊರೆದವರು ಒಳಗಡೆ ತಮ್ಮ ಗುರುತು ಹಾಕಬೇಕು ಅನ್ನುವುದು ನಮ್ಮ ಅಂಗಡಿಯ ಪದ್ಧತಿ. ಮುಚ್ಚಿದ ಮೇಲೆ ಯಾರೂ ನೋಡುವುದಿಲ್ಲ, ಆದರೂ ಹಾಕಬೇಕು. ನನ್ನದು ಸುತ್ತಿನೊಳಗಿನ ಚುಕ್ಕಿ. ನಿನ್ನದು ಕಾಗೆಕಾಲು. ನೀನು ಕೊರೆದಿದ್ದೆ ಮೊಳೆ. ಸರಿಯಾದ ಜಾಗದಲ್ಲಿ, ಸರಿಯಾದ ಅಳತೆಗೆ ಕೊರೆದಿದ್ದೆ.

ಮುಚ್ಚಿದವಳು ನಾನು. ಹೋಟೆಲಿನವನು ತೂತು ಕಾಣಬಾರದು ಅಂದಿದ್ದ. ಎಲ್ಲ ಮುಗಿದು, ಹುಳಿನೀರಲ್ಲಿ ಅದ್ದಿ ತೊಳೆದ ಮೇಲೆ ಒಂದು ತಾಮ್ರದ ಗೂಟ ಬಡಿದು, ಅರದಿಂದ ಸಮ ಮಾಡಿ ಉಜ್ಜಿದೆ. ಹೊಳಪು ಕೊಡುವಾಗ ಒಂದು ಅಂಚಿನಲ್ಲಿ ಬೆಸುಗೆ ಬಿಟ್ಟಿದ್ದು ಕಂಡಿತು. ಗೂಟ ಕಿತ್ತು, ಒಳಗಿನ ನೀರು ಒಣಗಿಸಿ, ಆಮೇಲೆ ಕಾಯಿಸಬೇಕಿತ್ತು. ಸೋಮಾರಿತನ. ಚೂರೇ ಚೂರು ತಾನೆ, ಒಂದು ಸಲ ಉರಿ ತೋರಿಸಿದರೆ ಆಯಿತು ಅಂದುಕೊಂಡೆ. ನೀನು ಆಗ ಹೊರಗೆ ಕಟ್ಟುತಂತಿ ತರಲು ಹೋಗಿದ್ದೆ. ಮುಚ್ಚಿದ್ದನ್ನು ಬೆಂಕಿಗೆ ಹಿಡಿಯಬೇಡಿ ಅಂತ ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು ನಾನು. ಮೊದಲ ದಿನ ಕೆಲಸಕ್ಕೆ ಬಂದವರೂ ಮಾಡದ ತಪ್ಪು ಮಾಡಿದೆ.

ಹಾರಿದ ಮುಖ ನನ್ನ ಚರ್ಮದ ಏಪ್ರನ್ನಿನ ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತು. ಆಸ್ಪತ್ರೆಯವರು ಬಟ್ಟೆಯ ಜೊತೆ ಚೀಲದಲ್ಲಿ ಕಟ್ಟಿಕೊಟ್ಟರು. ಮೂರನೆಯ ದಿನ ತಡವಿ ನೋಡಿದೆ. ಕಾಗೆಕಾಲು ಬೆರಳಿಗೇ ಸಿಕ್ಕಿತು.

"ನಂದೇ ತಪ್ಪು" ಅಂದೆ, ನಿಜ. ಆದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಅಂದೆ. ಗೂಟದ ಮಾತು ಎತ್ತಲಿಲ್ಲ. ಎಲ್ಲರೂ ನನ್ನ ದೊಡ್ಡತನ ಅಂದರು. ಕಣ್ಣು ಹೋದವಳಿಗೆ ಆ ಹೊಗಳಿಕೆ ಹಿತವಾಗಿತ್ತು ಕಣೆ. ನನ್ನ ಕೈಕೆಲಸಕ್ಕೆ ಬರಬಹುದಾಗಿದ್ದ ಕೆಟ್ಟ ಹೆಸರಿಗಿಂತ ಅದು ಹಿತವಾಗಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂದುಕೊಳ್ಳುವಷ್ಟರಲ್ಲಿ ನೀನು ಪೆಟ್ಟಿಗೆ ಕಟ್ಟಿದ್ದೆ. ಬಾಗಿಲಲ್ಲಿ ನಿಂತು ನೋಡಿದೆ. ಆಗಲೂ ಹೇಳಲಿಲ್ಲ.

ಹೊಟ್ಟೆಗೆ ಹಾಕಿಕೋ ಅಂತ ಕೇಳುವುದಿಲ್ಲ. ಸಹಿ ಹಾಕುವ ಮೊದಲು ಇದು ನಿನ್ನ ಕೈ ಸೇರಲಿ ಅಂತ ಮಾತ್ರ ಕೇಳಿಕೊಳ್ಳುತ್ತೇನೆ.

ಅಮ್ಮ


ಆಗಸ್ಟ್ ೧೬

ಗಂಟು ಮೊನ್ನೆ ಬಂತು. ನೀನು ಬರೆದದ್ದು ಏಳನೇ ತಾರೀಕು. ಅಂಚೆ ಮೊಹರು ಹನ್ನೊಂದರದು. ನಾಲ್ಕು ದಿನ ಎಲ್ಲಿಟ್ಟುಕೊಂಡಿದ್ದೆ? ಏಪ್ರನ್ನಿನ ಜೇಬಲ್ಲಾ?

ನಾನು ಹತ್ತನೇ ತಾರೀಕು ಸಹಿ ಹಾಕಿದೆ. ನಿನ್ನ ಉತ್ತರಕ್ಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಜುಲೈ ಮೂವತ್ತರ ಕಾಗದದಲ್ಲಿ ನೀನು ಬರೆದದ್ದು ಮೋರಿಯ ಕಥೆ. ಅದನ್ನು ಓದಿ, ಸಿಕ್ಕಿಲ್ಲ, ಹೇಳಲು ಬೇಜಾರು ಪಟ್ಟುಕೊಳ್ಳುತ್ತಿದ್ದಾಳೆ, ಪಾಪ ಅಂದುಕೊಂಡೆ. ಪಾಪ! ಸಹಿ ಹಾಕುವಾಗಲೂ ನಿನ್ನ ಮೇಲೆ ಕನಿಕರವೇ ಇತ್ತು.

ನಿನ್ನ ಕಣ್ಣು ಹೋಗಿ ಮೂರು ವರ್ಷ ಅಮ್ಮ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನಾನು ಕುಂಬಳಕಾಯಿ ಕದಿಯದೆಯೇ ಮೂರು ವರ್ಷ ಹೆಗಲು ಒರೆಸಿಕೊಂಡೆ. ರಸ್ತೆಯಲ್ಲಿ ಯಾರ ಕಣ್ಣಿಗಾದರೂ ಪಟ್ಟಿ ಕಂಡರೆ ಎದುರು ಬದಿಗೆ ದಾಟುತ್ತಿದ್ದೆ. ಜೊತೆಯವಳು ಬೀಡಿ ಹಚ್ಚಲು ಕಡ್ಡಿ ಗೀರಿದರೆ ಕಕ್ಕಸಿಗೆ ಹೋಗಿ ನಿಲ್ಲುತ್ತಿದ್ದೆ.

ಕಾಗೆಕಾಲನ್ನು ಊಟದ ಬಿಡುವಿನಲ್ಲಿ ನೋಡಿದೆ. ನನ್ನದೇ. ಮೂರನೆಯ ಗೀಟು ಸ್ವಲ್ಪ ಉದ್ದ, ಯಾವಾಗಲೂ ಹಾಗೇ ಬರುತ್ತದೆ. ನನಗೆ ಅಳು ಬರಲಿಲ್ಲ. ಜೋರಾಗಿ ನಗು ಬಂತು. ಎಲ್ಲರೂ ತಿರುಗಿ ನೋಡಿದರು.

ಈಗ ಬರೆಯಬೇಡ. ನಿನ್ನ ಅಕ್ಷರ ನೋಡಿದರೆ ಮೈ ಉರಿಯುತ್ತದೆ.


ಆಗಸ್ಟ್ ೨೯

ಮೊಳೆ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಒಂಬತ್ತು ದಿನ ಕೈ ಕಟ್ಟಿಕೊಂಡು ಕೂತೆ. ಹತ್ತನೆಯ ದಿನ ಆಗಲಿಲ್ಲ. ಓದದೆ ಒಲೆಗೆ ಹಾಕು ಅನ್ನೋಣವೆಂದರೆ ನಿನ್ನ ಒಲೆಯಲ್ಲಿ ಬೆಂಕಿಯೇ ಇಲ್ಲ, ಅದೂ ನನ್ನಿಂದಲೇ.

ನಾಲ್ಕು ದಿನ ಜೇಬಲ್ಲೇ ಇತ್ತು. ಪ್ರತಿದಿನ ಅಂಚೆ ಡಬ್ಬಿಯವರೆಗೆ ಹೋಗಿ ವಾಪಸ್ ಬರುತ್ತಿದ್ದೆ. ನೀನು ಊಹಿಸಿದ್ದು ಸರಿ. ಅದಕ್ಕೆ ಸಮಜಾಯಿಷಿ ಇಲ್ಲ.

ಭಾನುವಾರ ಎಲ್ಲರಿಗೂ ಹೇಳಿದೆ. ನಿನ್ನ ಮಾವ, ಬೀಗದವನು, ಲೈಬ್ರರಿಯವಳು, ಮೂವರನ್ನೂ ಅಂಗಡಿಯಲ್ಲಿ ಕೂರಿಸಿ, ಗೂಟ, ನೀರು, ಉರಿ, ಎಲ್ಲ. ನಿನ್ನ ಮಾವ "ಹೋಗ್ಲಿ ಬಿಡಕ್ಕಾ, ಈಗ್ಯಾಕೆ" ಅಂತ ತಿಪ್ಪೆ ಸಾರಿಸಲು ನೋಡಿದ. "ಬಿಡಲ್ಲ ಕಣೋ, ಕೇಳು" ಅಂದೆ. ಕೇಳಿ ಮುಗಿಸಿ ಎದ್ದು ಹೋದ. ಎರಡು ದಿನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆ ಬೇಕಾಗಿತ್ತು. ಮೂರನೆಯ ದಿನ ಬಂದವನು ಒಂದೇ ಮಾತು ಕೇಳಿದ: "ಆ ಹುಡುಗಿಗೆ ನಾನು ಆಸ್ಪತ್ರೇಲಿ ಏನೇನ್ ಅಂದೆ, ಗೊತ್ತಾ ನಿಂಗೆ?" ನನಗೆ ಗೊತ್ತಿಲ್ಲ. ನೀನೂ ಯಾವತ್ತೂ ಹೇಳಲಿಲ್ಲ. ಅವನೂ ಹೇಳದೆ ಮುಖ ತಿರುಗಿಸಿ ಅತ್ತ.

ಗೋಳದ ಹತ್ತೊಂಬತ್ತು ಮುಖ ಕೂತಿದೆ. ಇಪ್ಪತ್ತನೆಯದನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಕತ್ತರಿಸಿ, ಅಂಚು ಓರೆ ಮಾಡಿ, ಸಮ ಮಾಡಿದ್ದೇನೆ. ಕಿಂಡಿ ಕೊರೆದಿಲ್ಲ. ಆ ಕೆಲಸ ನಿನ್ನದು, ಅದನ್ನು ನಿನ್ನ ಕೈಯಿಂದ ಕಿತ್ತುಕೊಂಡವಳು ನಾನು. ನೀನು ಕೊರೆಯದಿದ್ದರೆ ಬೇರೆ ಯಾರೂ ಕೊರೆಯುವುದಿಲ್ಲ. ಒಂದು ಕಡೆ ತೆರೆದುಕೊಂಡೇ ತೂಗಲಿ, ಇಪ್ಪತ್ತರ ಬದಲು ಹತ್ತೊಂಬತ್ತು ಅಂತ ಮಕ್ಕಳು ಎಣಿಸಲಿ. ಲೈಬ್ರರಿಯವಳಿಗೆ ಹೇಳಿಯಾಗಿದೆ. ತೂತಿನ ವಿಷಯಕ್ಕೆ ಅವಳು ಈಗ ತುಟಿ ಬಿಚ್ಚುವುದಿಲ್ಲ.

ಅಮ್ಮ


ಸೆಪ್ಟೆಂಬರ್ ೧೨

ಅಮ್ಮಾ,

ಸಿಟ್ಟು ಇಳಿದಿಲ್ಲ. ಇಳಿಯಿತೆಂದು ತಿಳಿದುಕೊಳ್ಳಬೇಡ. ಕರಾರು ಕರಾರೇ, ಮೂರು ವರ್ಷ ಇಲ್ಲಿಯೇ ಇರುತ್ತೇನೆ. ನಕ್ಷೆಯ ಮೇಜು ಅಷ್ಟೇನೂ ಕೆಟ್ಟದ್ದಲ್ಲ, ಕಿಟಕಿಯ ಪಕ್ಕದಲ್ಲಿದೆ. ಆಸ್ಪತ್ರೆಯಲ್ಲಿ ಮಾವ ಅಂದ ಮಾತು ನನ್ನಲ್ಲೇ ಇರಲಿ. ಅದನ್ನು ಅವನಿಗೆ ನೆನಪಿಸಬೇಡ.

ಮುಖವನ್ನು ಕೊರೆದಿದ್ದೇನೆ. ಇಲ್ಲಿನ ಯಂತ್ರದಲ್ಲಿ ಅಲ್ಲ, ಸಾಮಾನಿನ ಕೋಣೆಯಲ್ಲಿ ಹಳೆಯ ಕೈಬೈರಿಗೆ ಇತ್ತು, ಅದರಲ್ಲಿ. ಮೇಸ್ತ್ರಿ ಬಂದು ನೋಡಿ "ಇದೇನಮ್ಮ, ಇರುವೆಗೆ ಗಾಳಿಕೊಳವೆನಾ?" ಅಂದರು. ತಾಮ್ರದ ಸುರುಳಿ ಮೇಲೆದ್ದು ಬರುವವರೆಗೂ ತಲೆಯೆತ್ತದೆ ತಿರುಗಿಸಿದೆ.

ಕಿಂಡಿಯನ್ನು ಕೆಳಮುಖವಾಗಿ ಕೂರಿಸು. ಮೆಟ್ಟಿಲಲ್ಲಿ ನಿಂತು ತಲೆಯೆತ್ತಿದವರಿಗೆ ಕಾಣಬೇಕು. ಯಾರಾದರೂ ಇದೇನು ತೂತು ಅಂತ ಕೇಳಿದರೆ, ಏಕೆ ಬಿಟ್ಟಿದ್ದೇವೆ ಅಂತ ನೀನೇ ಹೇಳಬೇಕು. ಪ್ರತಿ ಸಲವೂ. ಗೂಟದ ಕಥೆಯನ್ನೂ ಸೇರಿಸಿ.

ಮುಚ್ಚುವ ಮೊದಲು ಒಳಮೈ ನೋಡು. ಕಾಗೆಕಾಲು ಹಾಕಿದ್ದೇನೆ. ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ. ನಿನ್ನ ಚುಕ್ಕಿ ಹಾಕುವುದೋ ಬಿಡುವುದೋ ನಿನಗೆ ಸೇರಿದ್ದು.

ಇನ್ನೊಂದು. ಹೋದ ವಾರ ಇಲ್ಲಿನ ಕಿರಾಣಿ ಅಂಗಡಿಯಿಂದ ಕಡ್ಡಿಪೆಟ್ಟಿಗೆ ತಂದೆ. ಮೂರು ದಿನ ಕಿಟಕಿಯ ಮೇಲಿಟ್ಟು ನೋಡುತ್ತಿದ್ದೆ. ಭಾನುವಾರ ಬೆಳಿಗ್ಗೆ ಬಾಗಿಲು ಕಿಟಕಿ ಎಲ್ಲ ತೆರೆದು ಕೂತೆ. ಮೊದಲನೆಯದು ಮುರಿಯಿತು. ಎರಡನೆಯದು ಹತ್ತುವ ಮೊದಲೇ ಕೈಯಿಂದ ಜಾರಿತು. ಮೂರನೆಯದು ಹತ್ತಿತು. ಎಸೆಯಲಿಲ್ಲ ಅಮ್ಮ, ಬೆರಳಿಗೆ ಬಿಸಿ ತಾಗುವವರೆಗೂ ಹಿಡಿದುಕೊಂಡಿದ್ದೆ.

ಲಕೋಟೆಯ ಮೂಲೆಯಲ್ಲಿ ಆ ಸುಟ್ಟ ಕಡ್ಡಿ ಇದೆ. ಕಸ ಅಂತ ಗುಡಿಸಿಬಿಡಬೇಡ.

ಮೊಳೆ